ಹಬ್ಬದ ಮಹಾಸಂಚಿಕೆಯಲ್ಲಿ ನಮ್ಮ ಕೇರಿ ಯಾಕಿಲ್ಲ?



ಕೆಲವು ದಿನಗಳಿಂದ ನನ್ನ ಗೋಡೆ ತುಂಬ ಹಳೇ ಧಾರಾವಾಹಿಗಳದ್ದೇ ನೆನಪು. ಯಾರೋ 'ಮಾಯಾಮೃಗ'ದ ತುಣುಕು ಹಾಕ್ತಾರೆ, ಇನ್ಯಾರೋ 'ಮುಕ್ತ'ದ ಕೋರ್ಟ್ ಸೀನು ಹಾಕ್ತಾರೆ. ಕೆಳಗೆ ಕಾಮೆಂಟು: "ಆ ಕಾಲವೇ ಚೆಂದ. ಯುಗಾದಿ, ಗೌರಿಹಬ್ಬ, ದೀಪಾವಳಿ ಬಂದ್ರೆ ಧಾರಾವಾಹಿ ಮನೇಲೂ ಹಬ್ಬ, ನಮ್ಮನೇಲೂ ಹಬ್ಬ. ಇಡೀ ಕುಟುಂಬ ಒಂದೇ ಕಡೆ ಕೂತು ನೋಡ್ತಿತ್ತು."

ನನಗೂ ಆ ಧಾರಾವಾಹಿಗಳು ಇಷ್ಟ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಈ ಪೋಸ್ಟಿಗೆ ಎರಡು ಕಡೆಯಿಂದ ಬೈಗುಳ ಬರ್ತವೆ ಅಂತ ಗೊತ್ತು. ಒಂದು ಕಡೆಯೋರು "ಧಾರಾವಾಹೀಲೂ ಜಾತಿ ಹುಡುಕ್ತೀರೇನ್ರೀ" ಅಂತಾರೆ. ಇನ್ನೊಂದು ಕಡೆಯೋರು, ಅಂದ್ರೆ ನಮ್ಮೋರೇ, "ಅವೆಲ್ಲ ಮನುವಾದಿ ಕಸ ಕಣಣ್ಣ, ಅದಕ್ಕೇನು ನೆನಪು" ಅಂತಾರೆ. ಇಬ್ಬರಿಗೂ ಉತ್ತರ ಐತೆ. ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಒಂದು ಲೆಕ್ಕ. ಹಗಲು ಹೊತ್ತಿನ ಧಾರಾವಾಹಿ ಅಂತ ಇತ್ತಲ್ಲ, ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಫ್ಯಾನ್ ಕೆಳಗೆ ಕಾಲು ಚಾಚಿ ನೋಡೋದು, ಅದು ಮಧ್ಯಾಹ್ನ ಮನೇಲಿರೋ ಹೆಂಗಸಿಗೆ ಅಂತ ಮಾಡಿದ್ದು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕಿನ ನಮ್ಮ ಕೇರಿಗಳಲ್ಲಿ ಮಧ್ಯಾಹ್ನ ಮನೇಲಿರ್ತಿದ್ದೋರು ಯಾರು? ಬಾಣಂತಿ, ಮುದುಕಿ, ಹುಷಾರಿಲ್ಲದೋರು. ಇದು ಶೇಂಗಾ ಸೀಮೆ. ಮುಂಗಾರಲ್ಲಿ ಬಿತ್ತನೆ, ಶ್ರಾವಣ ಭಾದ್ರಪದದಲ್ಲಿ ಕಳೆ, ದೀಪಾವಳಿ ಹೊತ್ತಿಗೆ ಗಿಡ ಕೀಳೋದು, ಕಾಯಿ ಬಿಡಿಸೋದು.

ಈಗ ಟಿವಿಯ ಹಬ್ಬದ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿ. ವರಮಹಾಲಕ್ಷ್ಮಿ ಸಂಚಿಕೆ ಬಂದಾಗ ನಮ್ಮವ್ವ ಕಳೆ ಹೊಲದಲ್ಲಿ. ಗೌರಿ ಗಣೇಶನ ಸಂಚಿಕೆ ಬಂದಾಗಲೂ ಅಲ್ಲೇ. ದೀಪಾವಳಿ ಮಹಾಸಂಚಿಕೆ ಬಂದಾಗ ಮಣ್ಣು ಮೆತ್ತಿದ ಬೆರಳಲ್ಲಿ ಶೇಂಗಾ ಬಿಡಿಸ್ತಾ ಇದ್ಲು. ಯುಗಾದಿ ಒಂದೇ ಕೈ ಖಾಲಿ ಇರೋ ಹೊತ್ತಿಗೆ ಬರೋ ಹಬ್ಬ. ಕೈ ಖಾಲಿ ಅಂದ್ರೆ ನಮ್ಮಲ್ಲಿ ಬಿಡುವು ಅಂತ ಅರ್ಥ ಅಲ್ಲ, ಕೂಲಿ ಇಲ್ಲ ಅಂತ. ಅದಕ್ಕೇ ನಮ್ಮ ಕೇರಿ ಹೆಂಗಸರಿಗೆ ಪೂರ್ತಿ ನೋಡೋಕೆ ಸಿಗ್ತಿದ್ದದ್ದು ವರ್ಷಕ್ಕೆ ಒಂದೇ ಹಬ್ಬದ ಸಂಚಿಕೆ. ಉಳಿದದ್ದೆಲ್ಲ ಯಾರೋ ಹೇಳಿದ ಕತೆ.

ಮೊಳಕಾಲ್ಮೂರಿನ ಕತೆ ಬೇರೆ ಥರ. ಅಲ್ಲಿ ಮಗ್ಗದ ಮನೆ. ಗುಂಡೀಲಿ ಕಾಲಿಟ್ಟು ಕೂತು ನೇಯೋರಿಗೆ, ಪಕ್ಕದಲ್ಲಿ ಕಂಡಿಕೆ ಸುತ್ತೋರಿಗೆ ತಲೆ ಎತ್ತೋಕೆ ಆಗಲ್ಲ. ಟಿವಿ ಓಡ್ತಿರುತ್ತೆ, ಇವರು ಕಿವೀಲೇ ಧಾರಾವಾಹಿ ಕೇಳಿಸ್ಕತಾರೆ. ಹಬ್ಬದ ಸಂಚಿಕೇಲಿ ಅತ್ತೆ, ಸೊಸೆ, ನಾದಿನಿ ಎಲ್ಲ ಜರಿಯಂಚಿನ ರೇಷ್ಮೆ ಸೀರೇಲಿ ಮಿಂಚ್ತಿರ್ತಾರೆ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಿಕೆ ಮಾನ್ಯತೆ ಐತೆ, ಹೆಸರು ದೊಡ್ಡದು. ಕೂಲಿಗೆ ಕಂಡಿಕೆ ಸುತ್ತೋ ಹೆಣ್ಣುಮಗಳಿಗೆ ಅದು ಪರದೆ ಮೇಲಿನ ಸೀರೆ. ಅವಳ ಮನೆ ಪರದೆ ಮೇಲೆ ಬಂದದ್ದನ್ನ ನಾನಂತೂ ಕಾಣೆ.

ಇನ್ನು ಆ ಧಾರಾವಾಹಿ ಮನೆ. ದೊಡ್ಡ ಹಜಾರ, ನಡುವೆ ಉಯ್ಯಾಲೆ, ಹೊರಗೆ ತುಳಸಿಕಟ್ಟೆ, ಒಳಗೆ ದೇವರಮನೆ, ಬಾಳೆ ಎಲೆ ಸಾಲು. ಯಾರೂ ಬಾಯಿಬಿಟ್ಟು ಜಾತಿ ಹೇಳಲ್ಲ. ಹೇಳೋ ಅಗತ್ಯವೇ ಇಲ್ಲ, ಎಲೆ ಮೇಲೆ ಏನು ಬಡಿಸವ್ರೆ ಅಂತ ನೋಡಿದ್ರೆ ಸಾಕು. ನಮ್ಮವ್ವ ಇಂಥಾ ಸಂಚಿಕೆ ನೋಡುವಾಗ ಪ್ರತಿ ಸಲ ಒಂದೇ ಪ್ರಶ್ನೆ ಕೇಳೋಳು: "ಇಷ್ಟು ಜನಕ್ಕೆ ಅಡಿಗೆ ಮಾಡಿದೋರು ಯಾರು? ಈ ಪಾತ್ರೆ ತಿಕ್ಕೋರು ಎಲ್ಲವ್ರೆ?" ಆಗ ನಾವು ಮಕ್ಕಳು ನಗ್ತಿದ್ವಿ. ಇಷ್ಟು ಓದಿಕೊಂಡು ಬಂದ ಮೇಲೂ ನನಗೆ ಅದಕ್ಕಿಂತ ಚೆನ್ನಾಗಿರೋ ವಿಮರ್ಶೆ ಸಿಕ್ಕಿಲ್ಲ.

"ಕುಟುಂಬವೆಲ್ಲ ಒಟ್ಟಿಗೆ ಕೂತು" ಅನ್ನೋ ಮಾತಿಗೂ ಒಂದು ಸೇರಿಸಬೇಕು. ನಮ್ಮ ಕೇರಿಗೆ ಟಿವಿ ಬರೋಕೆ ಮುಂಚೆ ನಾವು ಟಿವಿ ನೋಡ್ತಿದ್ದದ್ದು ಊರೊಳಗಿನ ಒಂದು ದೊಡ್ಡ ಮನೆಯ ಅಂಗಳದಲ್ಲಿ. ಅವರು ಒಳಗೆ ಚಾಪೆ ಮೇಲೆ, ನಾವು ಜಗಲಿ ಕೆಳಗೆ ಮಣ್ಣಿನ ಮೇಲೆ. ಕಿಟಕಿ ಸರಳುಗಳ ನಡುವೆ ಅರ್ಧ ಪರದೆ ಕಾಣೋದು. ಹಬ್ಬದ ದಿನ ಮಾತ್ರ ಅದೂ ಇಲ್ಲ, ಮಡಿ ಅಂತ ಬಾಗಿಲು ಕಿಟಕಿ ಎರಡೂ ಮುಚ್ಚೋರು. ಒಳಗಿಂದ ಧಾರಾವಾಹಿ ಹಾಡು ಕೇಳೋದು. ಇವತ್ತು ಆ ದಿನಗಳನ್ನ ನೆನೆದು ಬರೆಯೋರಲ್ಲಿ ಎಷ್ಟು ಜನ ಚಾಪೆ ಮೇಲಿದ್ರು, ಎಷ್ಟು ಜನ ಅಂಗಳದಲ್ಲಿದ್ರು ಅಂತ ಯಾರಾದ್ರೂ ಕೇಳಬೇಕಲ್ಲ?

ಹಾಗಾದ್ರೆ ನಮಗೆ ಆ ಧಾರಾವಾಹಿಗಳಿಂದ ಏನೂ ಸಿಗಲಿಲ್ವಾ? ಸಿಕ್ತು. ಇದು ನಮ್ಮೋರಿಗೆ ಕೊಡೋ ಉತ್ತರ.

1998ರಲ್ಲಿ ದೂರದರ್ಶನದಲ್ಲಿ 'ಮಾಯಾಮೃಗ' ಬಂತು. 2000ದ ಡಿಸೆಂಬರಲ್ಲಿ ಈಟಿವಿ ಕನ್ನಡ ಶುರುವಾಯ್ತು, ಆಮೇಲೆ 'ಮನ್ವಂತರ', 'ಮುಕ್ತ', 'ಮೂಡಲ ಮನೆ', 'ಸಿಲ್ಲಿ ಲಲ್ಲಿ'. ಕೇರೀಲಿ ಒಂದು ಮನೆಗೆ ಟಿವಿ ಬಂದ ಮೇಲೆ ಹತ್ತು ಮನೆ ಹೆಂಗಸರು ಅಲ್ಲಿ ಸೇರೋರು. ಟಿ.ಎನ್. ಸೀತಾರಾಂ ಕರಿಕೋಟು ಹಾಕ್ಕಂಡು ಕೋರ್ಟಲ್ಲಿ ವಾದ ಮಾಡೋದನ್ನ ಉಸಿರು ಬಿಗಿಹಿಡಿದು ನೋಡೋರು. ವಕಾಲತ್ತು, ತಡೆಯಾಜ್ಞೆ, ಸಾಕ್ಷಿ, ಪಾಟೀಸವಾಲು, ಈ ಪದಗಳೆಲ್ಲ ನಮ್ಮ ಕೇರಿಗೆ ಧಾರಾವಾಹಿಯಿಂದ ಬಂದವು. ಮುಂದೆ ಒಂದು ಕಚೇರೀಲಿ ನಮ್ಮವ್ವನ ಅರ್ಜಿ ಇಸ್ಕಂಡು "ಹೋಗಮ್ಮ, ನೋಡ್ತೀವಿ" ಅಂದಾಗ, "ಅರ್ಜಿ ತಗಂಡಿದ್ದಕ್ಕೆ ಸಹಿ ಹಾಕಿ ಒಂದು ನಕಲು ಕೊಡಿ ಸಾರ್" ಅಂದ್ಲು ಆಕೆ. ಶಾಲೆ ಮೆಟ್ಟಿಲು ಹತ್ತದ ಹೆಂಗಸು. ಇದನ್ನ ಕಸ ಅಂತ ಕರೆಯೋಕೆ ನನ್ನ ಬಾಯಿ ಬರಲ್ಲ.

ಅದಕ್ಕೇ ನನ್ನ ಜಗಳ ಧಾರಾವಾಹಿ ಜೊತೆ ಅಲ್ಲ, ಅದರ ಹಬ್ಬದ ಜೊತೆ. ವರ್ಷಗಟ್ಟಲೆ ಒಂದೇ ಬಗೆಯ ಮನೆ, ಒಂದೇ ಬಗೆಯ ಪೂಜೆ, ಒಂದೇ ಬಗೆಯ ಎಲೆ ತೋರಿಸಿ ತೋರಿಸಿ, "ಕನ್ನಡದ ಕುಟುಂಬ ಅಂದ್ರೆ ಇದೇ, ಹಬ್ಬ ಅಂದ್ರೆ ಇದೇ" ಅಂತ ನಮ್ಮ ಮಕ್ಕಳ ತಲೇಲಿ ಕೂರಿಸಿಬಿಟ್ರು. ನಮ್ಮಲ್ಲಿ ಯುಗಾದಿ ಬೇವುಬೆಲ್ಲಕ್ಕೆ ಮುಗಿಯಲ್ಲ, ಮಾರನೇ ದಿನ ತೊಡಕಿನ ಬಾಡು ಐತೆ. ಪೀರಲ ಹಬ್ಬ ಐತೆ. ಗೌರಸಮುದ್ರ ಮಾರಮ್ಮನ ಜಾತ್ರೆ ಐತೆ, ಗಡಿಯಾಚೆ ಆಂಧ್ರದಿಂದಲೂ ಜನ ಬರ್ತಾರೆ, ಉರುಮೆ ಬಡಿತಾರೆ. ಏಪ್ರಿಲ್ 14 ಐತೆ. ನಮ್ಮ ಕೇರೀಲಿ ಹೊಸ ಬಟ್ಟೆ ಹಾಕ್ಕಂಡು ಮೊಮ್ಮಗನನ್ನ ಸೊಂಟದ ಮೇಲೆ ಕೂರಿಸ್ಕಂಡು ಅಜ್ಜಿ ಮೆರವಣಿಗೆಗೆ ಬರೋ ಹಬ್ಬ ಅದು. ಯಾವ ಧಾರಾವಾಹಿ ಕುಟುಂಬ ಏಪ್ರಿಲ್ 14 ಮಾಡಿದ್ದನ್ನ ನೀವು ಕಂಡೀರಿ?

ನಮ್ಮ ಮಗು ಶಾಲೇಲಿ "ನಿಮ್ಮನೇಲಿ ಹಬ್ಬಕ್ಕೆ ಏನು ಮಾಡಿದ್ರಿ" ಅಂದ್ರೆ ಬಾಡು ಅಂತ ಹೇಳದೆ ಹೋಳಿಗೆ ಅಂತ ಹೇಳುತ್ತೆ. ಆ ಸುಳ್ಳನ್ನ ಕಲಿಸಿದ ಮೇಷ್ಟ್ರುಗಳಲ್ಲಿ ಟಿವಿಯೂ ಒಬ್ಬ.

"ಜನ ನೋಡಲ್ಲ ರೀ, ಟಿಆರ್‌ಪಿ ಬರಲ್ಲ" ಅಂತಾರೆ. ವೈಶಾಲಿ ಕಾಸರವಳ್ಳಿ 'ಮೂಡಲ ಮನೆ' ಮಾಡಿದಾಗ ಉತ್ತರ ಕರ್ನಾಟಕದ ಮಾತನ್ನ ಇಡೀ ರಾಜ್ಯ ಕೂತು ಕೇಳಲಿಲ್ವಾ? 2020ರ ಜುಲೈ ನೆನಪು ಮಾಡ್ಕಳಿ. ಕೊರೊನಾ ಕಾಲ, ಕೂಲಿ ಇಲ್ಲ. ಜೀ ಕನ್ನಡದಲ್ಲಿ 'ಮಹಾನಾಯಕ' ಬಂತು. ಹಿಂದಿಯಿಂದ ಡಬ್ ಮಾಡಿದ್ದು. ಆದ್ರೂ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ನಮ್ಮ ಹುಡುಗರು ಚಂದಾ ಎತ್ತಿ ಫ್ಲೆಕ್ಸ್ ಕಟ್ಟಿದ್ರು. ಒಂದು ಧಾರಾವಾಹಿಗೆ ಜನ ತಾವಾಗೇ ಫ್ಲೆಕ್ಸ್ ಕಟ್ಟಿದ್ದನ್ನ ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. ಪ್ರಸಾರ ಮಾಡಿದ್ದಕ್ಕೆ ಚಾನೆಲಿನೋರಿಗೆ ಬೆದರಿಕೆ ಬಂದದ್ದೂ ಸುದ್ದಿಯಾಯ್ತು. ನೋಡೋರು ಇಲ್ಲ ಅನ್ನೋ ಮಾತು ಅವತ್ತೇ ಸತ್ತೋಯ್ತು.

ಆದರೆ 'ಮಹಾನಾಯಕ' ಬಾಬಾಸಾಹೇಬರ ಕತೆ. ನಮ್ಮನ್ನ ಪರದೆಗೆ ಬಿಟ್ಕಳೋಕೆ ಒಂದೋ ನಾವು ಬಾಬಾಸಾಹೇಬರಷ್ಟು ಎತ್ತರ ಇರಬೇಕು, ಇಲ್ಲಾ ಚೋಮನಷ್ಟು ಸಂಕಟಪಟ್ಟು ಸಾಯಬೇಕು. 1975ರ 'ಚೋಮನ ದುಡಿ' ದೊಡ್ಡ ಸಿನಿಮಾ, ಅದರ ಮೇಲೆ ನನಗೆ ಗೌರವ ಐತೆ. ಆದ್ರೆ ನಡುವೆ ಇರೋ ನಾವು? ಅತ್ತೆ ಜೊತೆ ಜಗಳ ಆಡೋ, ಎಸ್‌ಡಿಎ ಪರೀಕ್ಷೆ ಬರೆಯೋ, ಚೀಟಿ ಹಾಕಿ ಫ್ರಿಜ್ ತಗಳ್ಳೋ, ಹಬ್ಬಕ್ಕೆ ಬೆಂಗಳೂರಿಂದ ತಡವಾಗಿ ಬಂದು ಅವ್ವನ ಹತ್ರ ಬೈಸ್ಕಳೋ ನಾವು? ಸಾಧಾರಣ ಕುಟುಂಬವಾಗಿ ಕಾಣಿಸ್ಕಳೋ ಹಕ್ಕು ಕೂಡ ಒಂದು ಹಕ್ಕೇ.

ಈ ಪ್ರಶ್ನೆ ನಮಗೊಬ್ಬರಿಗೇ ಬಂದದ್ದಲ್ಲ. ಅಮೆರಿಕದಲ್ಲಿ ಹಗಲು ಧಾರಾವಾಹಿಗಳಿಗೆ ಸೋಪ್ ಅಂತಲೇ ಹೆಸರು, ರೇಡಿಯೋ ಕಾಲದಲ್ಲಿ ಸೋಪು ಕಂಪನಿಗಳು ದುಡ್ಡು ಹಾಕ್ತಿದ್ವಲ್ಲ ಅದಕ್ಕೆ. 1965ರಿಂದ ನಡೀತಿರೋ 'ಡೇಸ್ ಆಫ್ ಅವರ್ ಲೈವ್ಸ್'ನಲ್ಲಿ ಕ್ರಿಸ್‌ಮಸ್ ಸಂಚಿಕೆ ಬಂದ್ರೆ, ಆ ಕುಟುಂಬದ ಒಬ್ಬೊಬ್ಬರ ಹೆಸರು ಬರೆದ ಗೋಲಗಳನ್ನ ಮರಕ್ಕೆ ಕಟ್ತಾರೆ. ನೋಡೋರು ಕಣ್ಣೀರು ಹಾಕ್ತಾರೆ. ಕಪ್ಪು ಜನರು ಕೇಳಿದ್ದೂ ಇದನ್ನೇ, ಈ ಮರದಲ್ಲಿ ನಮ್ಮ ಹೆಸರೆಲ್ಲಿ ಅಂತ. 1989ರಲ್ಲಿ 'ಜನರೇಷನ್ಸ್' ಅನ್ನೋ ಧಾರಾವಾಹಿ ಒಂದು ಕಪ್ಪು ಕುಟುಂಬವನ್ನ ಶುರುವಿನಿಂದಲೇ ಕತೆಯ ನಡುವೆ ಇಟ್ಟಿತು, 1991ಕ್ಕೆ ನಿಂತೋಯ್ತು. ಆಮೇಲೆ 2025ರ ಫೆಬ್ರವರೀಲಿ 'ಬಿಯಾಂಡ್ ದ ಗೇಟ್ಸ್' ಬಂತು, ಕಪ್ಪು ಕುಟುಂಬವೇ ಕೇಂದ್ರ. ಗಮನಿಸಿ, ಅದರ ನಿರ್ಮಾಣದಲ್ಲಿ ಚಾನೆಲ್ ಜೊತೆ ಕೈಜೋಡಿಸಿದ್ದು ಎನ್‌ಎಎಸಿಪಿ. ಕಪ್ಪು ಜನರ ಹಕ್ಕಿಗೆ 1909ರಿಂದ ಹೋರಾಡ್ತಿರೋ ಸಂಘಟನೆ. ಅದನ್ನ ಕಟ್ಟಿದವರಲ್ಲಿ ಒಬ್ಬರಾದ ಡುಬಾಯ್ಸ್ ಅವರಿಗೇ 1946ರಲ್ಲಿ ಬಾಬಾಸಾಹೇಬರು ಪತ್ರ ಬರೆದಿದ್ದು.

ಅಲ್ಲಿ ಹೋರಾಟದ ಸಂಘಟನೆ ಧಾರಾವಾಹಿ ಮಾಡೋದನ್ನ ಹಗುರ ಅಂತ ಅಂದ್ಕಳಲಿಲ್ಲ. ನಾವು ಯಾಕೆ ಅಂದ್ಕಬೇಕು? ನಾವು ಧರಣಿ ಮಾಡ್ತೀವಿ, ಮನವಿಪತ್ರ ಕೊಡ್ತೀವಿ, ವಿಚಾರ ಸಂಕಿರಣ ಮಾಡ್ತೀವಿ. ಎಲ್ಲ ಬೇಕು. ಆದರೆ ರಾತ್ರಿ ಏಳರಿಂದ ಹತ್ತರವರೆಗೆ ನಮ್ಮ ಮನೇಲಿ ಮಾತಾಡ್ತಿರೋದು ಯಾರು? ಭಾಷಣ ಮಾಡಿ ಮನೆಗೆ ಬಂದ್ರೆ ನಮ್ಮ ಮಗಳು ಅದೇ ತುಳಸಿಕಟ್ಟೆ ಮನೆ ನೋಡ್ತಾ ಕೂತಿರ್ತಾಳೆ.

ಅದಕ್ಕೆ ನನ್ನ ಕೇಳಿಕೆ ಇಷ್ಟು. ಚಾನೆಲುಗಳಿಗೆ: ವರಮಹಾಲಕ್ಷ್ಮಿಗೆ ಮಹಾಸಂಚಿಕೆ ಮಾಡೋ ಹಾಗೇ ಏಪ್ರಿಲ್ 14ಕ್ಕೂ ಮಾಡಿ. ನಡೀತಿರೋ ಧಾರಾವಾಹೀಲೇ ಮಾಡಿ, ಪಾತ್ರಗಳು ಮನೇಲಿ ಹಬ್ಬ ಮಾಡಲಿ. ಕತೆ ಬರೆಯೋ ಕೋಣೇಲಿ ನಮ್ಮ ಹುಡುಗ ಹುಡುಗೀರಿಗೆ ಕುರ್ಚಿ ಕೊಡಿ, ದಲಿತ ಪಾತ್ರಕ್ಕೆ ಬೈಗುಳ ಹೇಗಿರುತ್ತೆ ಅಂತ ಫೋನಲ್ಲಿ ಕೇಳೋದು ಸಾಕು. ನಮ್ಮ ಸಂಘಟನೆಗಳಿಗೆ: ಜಯಂತಿ ಖರ್ಚಲ್ಲಿ ಒಂದು ಪಾಲು ತೆಗೆದಿಟ್ಟು, ಚಳ್ಳಕೆರೆಯ ಒಂದು ಕಾಲೋನಿಯ ಒಂದು ಮನೆ ಇಟ್ಕಂಡು, ಯೂಟ್ಯೂಬಿಗೆ ಹತ್ತು ಕಂತಿನ ಕತೆ ಮಾಡೋಣ. ಮೊದಲ ಕಂತು ಯುಗಾದಿ ಮಾರನೇ ದಿನ, ಒಲೆ ಮೇಲೆ ಬಾಡು. ಮೊಬೈಲಲ್ಲೇ ತೆಗೀಬಹುದು. ಕತೆ ಬರೆಯೋರು, ಕ್ಯಾಮೆರಾ ಹಿಡಿಯೋರು ಇನ್‌ಬಾಕ್ಸಿಗೆ ಬನ್ನಿ.

ಉಳಿದೋರು ಒಂದು ಕೆಲಸ ಮಾಡಿ. ಇವತ್ತೇ ನಿಮ್ಮ ಅವ್ವನನ್ನ ಕೇಳಿ: ಯಾವ ಧಾರಾವಾಹಿ ನೋಡ್ತಿದ್ದೆ, ಯಾರ ಮನೇಲಿ, ಎಲ್ಲಿ ಕೂತು ನೋಡ್ತಿದ್ದೆ? ಆಕೆ ಹೇಳಿದ್ದನ್ನ ಆಕೆ ಮಾತಲ್ಲೇ ಕೆಳಗೆ ಬರೀರಿ. ತಿದ್ದಬೇಡಿ.

ಜೈಭೀಮ್.