ಪಿಂಗ್ ಬರ್ತಿದೆ, ಫೋಟೊ ಹೋಗ್ತಿಲ್ಲ

‘ಸರ್ವರ್ ಇಲ್ಲ, ನಾಳೆ ಬನ್ನಿ.’ ರೇಷನ್ ಅಂಗಡಿಯಿಂದ ಬ್ಯಾಂಕಿನ ಕೌಂಟರ್‌ವರೆಗೆ ಈ ಮಾತು ಕೇಳಿ ವಾಪಸ್ ಬರದವರು ನಮ್ಮಲ್ಲಿ ಕಡಿಮೆ. ಹೇಳಿದವರ ಮೇಲೆ ರೇಗಿ ಫಲವಿಲ್ಲ. ಅವರ ಪರದೆಯಲ್ಲೂ ಚಕ್ರ ಸುತ್ತುತ್ತಿರುತ್ತದೆ, ಅವರಿಗೂ ಅಷ್ಟೇ ಗೊತ್ತು. ಆದರೆ ಮಾತು ಎಲ್ಲ ಸಲವೂ ನಿಜವಲ್ಲ. ಕೆಲವೊಮ್ಮೆ ಸರ್ವರ್ ಇರುತ್ತದೆ, ಅದಕ್ಕೆ ಕರೆಂಟೂ ಇರುತ್ತದೆ, ಕೆಲಸವಿಲ್ಲದೆ ಸುಮ್ಮನೆ ಕೂತಿರುತ್ತದೆ. ನಿಮ್ಮ ಅರ್ಜಿಯನ್ನು ಹೊತ್ತ ಪ್ಯಾಕೆಟ್ ಡೇಟಾ ಸೆಂಟರಿನ ಒಳಗೇ, ಸರ್ವರಿಗೆ ನಾಲ್ಕು ಮಾರು ದೂರದಲ್ಲಿ ಕಾಣೆಯಾಗಿರುತ್ತದೆ.

ಎಲ್ಲಿ ಕಾಣೆಯಾಯಿತು? ಇದನ್ನು ಹುಡುಕಲು ಎಂಜಿನಿಯರುಗಳು ಇಂದಿಗೂ ಮೊದಲು ಕೈಹಾಕುವುದು ಎರಡು ಹಳೆಯ ಸಾಧನಗಳಿಗೆ. ಒಂದು, ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿ ಮೈಕ್ ಮುಸ್ 1983ರ ಡಿಸೆಂಬರಿನಲ್ಲಿ ಬರೆದ ಪಿಂಗ್. ಆ ಕಡೆಯ ಯಂತ್ರ ಓಗೊಡುತ್ತದೆಯೇ ಎಂದಷ್ಟೇ ಅದು ನೋಡುತ್ತದೆ. ಇನ್ನೊಂದು, ವ್ಯಾನ್ ಜೇಕಬ್ಸನ್ 1987ರಲ್ಲಿ ಬರೆದ ಟ್ರೇಸ್‌ರೂಟ್. ಇದು ಜಾಣತನದ್ದು. ಪ್ರತಿ ಪ್ಯಾಕೆಟ್ಟಿನ ಮೇಲೂ ಒಂದು ಅಂಕಿ ಇರುತ್ತದೆ. ದಾರಿಯ ಪ್ರತಿ ರೌಟರ್ ಅದರಿಂದ ಒಂದು ಕಳೆಯುತ್ತದೆ. ಸೊನ್ನೆಗೆ ಬಂದರೆ ಪ್ಯಾಕೆಟ್ಟನ್ನು ಎಸೆದು, ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ದಿಕ್ಕು ತಪ್ಪಿದ ಪ್ಯಾಕೆಟ್ಟುಗಳು ಕೊನೆಯಿಲ್ಲದೆ ಸುತ್ತದಿರಲಿ ಎಂದು ಮಾಡಿದ್ದ ಏರ್ಪಾಡು ಅದು. ಜೇಕಬ್ಸನ್ ಅದನ್ನೇ ದಾರಿ ಹುಡುಕಲು ಹಚ್ಚಿದರು. 1 ಬರೆದು ಕಳಿಸಿದರೆ ಮೊದಲ ರೌಟರಿನಿಂದ ದೂರು ಬರುತ್ತದೆ, 2 ಬರೆದರೆ ಎರಡನೆಯದರಿಂದ. ಹೀಗೆ ಇಡೀ ದಾರಿ ತೆರೆದುಕೊಳ್ಳುತ್ತದೆ.

ಕ್ಲೌಡ್ ಬಂದ ಮೇಲೆ ಈ ಉಪಾಯ ಕೈಕೊಟ್ಟಿತು. ಒಂದೇ ಕಟ್ಟಡದಲ್ಲಿ ಸಾವಿರಾರು ಗಿರಾಕಿಗಳು, ಪ್ರತಿಯೊಬ್ಬರಿಗೂ ತಮ್ಮದೇ ಖಾಸಗಿ ಜಾಲ ಬೇಕು. ಹಳೆಯ ವಿಎಲ್ಯಾನ್ ಪದ್ಧತಿಯಲ್ಲಿ ಜಾಲದ ಗುರುತಿಗೆ ಇದ್ದದ್ದು 12 ಬಿಟ್. ಲೆಕ್ಕ 4,096ಕ್ಕೆ ಮುಗಿಯುತ್ತಿತ್ತು. 2014ರ ಆಗಸ್ಟಿನಲ್ಲಿ ಪ್ರಕಟವಾದ ವಿಎಕ್ಸ್‌ಲ್ಯಾನ್ ಅದನ್ನು 24 ಬಿಟ್‌ಗೆ ಏರಿಸಿತು, 1 ಕೋಟಿ 67 ಲಕ್ಷ ಜಾಲಗಳಿಗೆ ಜಾಗವಾಯಿತು. ಮಾಡುವುದಿಷ್ಟೇ: ಗಿರಾಕಿಯ ಪ್ಯಾಕೆಟ್ಟನ್ನು ಇಡಿಯಾಗಿ ಇನ್ನೊಂದು ಲಕೋಟೆಗೆ ತುಂಬಿ, ಮೇಲೆ ಡೇಟಾ ಸೆಂಟರಿನ ಸ್ವಂತ ವಿಳಾಸ ಬರೆಯುವುದು. ಒಳಗಿನ ಕಲ್ಪಿತ ಜಾಲ ಓವರ್‌ಲೇ, ನಿಜವಾದ ಕೇಬಲ್ಲು ಸ್ವಿಚ್ಚುಗಳದ್ದು ಅಂಡರ್‌ಲೇ. ನಡುವಿನ ಸ್ವಿಚ್ಚುಗಳು ಹೊರಗಿನ ವಿಳಾಸವನ್ನಷ್ಟೇ ಓದುತ್ತವೆ, ಒಳಗಿನ ಅಂಕಿಯನ್ನು ಮುಟ್ಟುವುದೇ ಇಲ್ಲ. ಹೀಗಾಗಿ ಮೂರೋ ಐದೋ ಸ್ವಿಚ್ ದಾಟಿದ್ದರೂ ಟ್ರೇಸ್‌ರೂಟ್ ‘ಒಂದೇ ಹೆಜ್ಜೆ’ ಎಂದು ವರದಿ ಕೊಡುತ್ತದೆ. ಕೆಟ್ಟು ಕೂತ ಸ್ವಿಚ್ ಆ ವರದಿಯಲ್ಲಿಲ್ಲ.

ಸಾಲದ್ದಕ್ಕೆ, ದಾರಿಯೂ ಒಂದಲ್ಲ. ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಕ್ಲೋಸ್ 1953ರಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ ಮಂಡಿಸಿದ ವಿನ್ಯಾಸದ ಮೇಲೆಯೇ ಇಂದಿನ ದೊಡ್ಡ ಡೇಟಾ ಸೆಂಟರುಗಳು ನಿಂತಿವೆ. ಎರಡು ಯಂತ್ರಗಳ ನಡುವೆ ಸಮಾನವಾದ ಹತ್ತಾರು ದಾರಿ. ಯಾವ ಪ್ಯಾಕೆಟ್ ಯಾವ ದಾರಿ ಹಿಡಿಯಬೇಕೆಂಬುದು ಒಂದು ಲೆಕ್ಕದಿಂದ ತೀರ್ಮಾನವಾಗುತ್ತದೆ: ಕಳಿಸುವವರ ವಿಳಾಸ, ಪಡೆಯುವವರ ವಿಳಾಸ, ಎರಡೂ ಕಡೆಯ ಪೋರ್ಟ್ ಸಂಖ್ಯೆ, ಪ್ರೋಟೊಕಾಲ್. ಐದರಲ್ಲಿ ಒಂದು ಬದಲಾದರೂ ದಾರಿ ಬದಲಾಗಬಹುದು. ಪಿಂಗ್‌ಗೆ ಪೋರ್ಟ್ ಸಂಖ್ಯೆಯೇ ಇಲ್ಲ. ಅದು ಒಂದು ದಾರಿಯಲ್ಲಿ ಹೋಗಿ ಬಂದು ‘ಎಲ್ಲ ಸರಿಯಿದೆ’ ಅನ್ನುತ್ತದೆ. ನಿಮ್ಮ ಅರ್ಜಿ ಬೇರೆ ದಾರಿಯಲ್ಲಿ ಸಾಯುತ್ತದೆ. ಈ ಮೇಜಿನಲ್ಲಿ ಓಪನ್ ಆದ ಪೋರ್ಟಲ್ ಪಕ್ಕದ ಮೇಜಿನಲ್ಲಿ ಓಪನ್ ಆಗದಿರುವುದಕ್ಕೆ ಇದೂ ಒಂದು ಕಾರಣ. ‘ಇನ್ನೊಂದ್ಸಲ ರಿಫ್ರೆಶ್ ಹೊಡೀರಿ ಸಾರ್’ ಎಂಬ ಸಲಹೆ ಕೆಲವೊಮ್ಮೆ ಫಲಿಸುವುದೂ ಇದರಿಂದಲೇ. ಹೊಸ ಸಂಪರ್ಕ, ಹೊಸ ಪೋರ್ಟ್, ಹೊಸ ದಾರಿ. ಸೈಬರ್ ಸೆಂಟರಿನ ಹುಡುಗರು ಇದನ್ನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ.

ಲಕೋಟೆಗೂ ತೂಕವಿದೆ, 50 ಬೈಟ್. ಸಾಮಾನ್ಯ ಪ್ಯಾಕೆಟ್ಟಿನ ಗರಿಷ್ಠ ಗಾತ್ರ 1,500. ಲಕೋಟೆ ಸೇರಿದರೆ 1,550. ದಾರಿಯ ಯಾವುದೋ ಒಂದು ಸ್ವಿಚ್ಚನ್ನು ಹಳೆಯ 1,500ಕ್ಕೇ ಬಿಟ್ಟಿದ್ದರೆ ತುಂಬಿದ ಪ್ಯಾಕೆಟ್ ಅಲ್ಲೇ ಬೀಳುತ್ತದೆ, ಚಿಕ್ಕವು ಆರಾಮವಾಗಿ ದಾಟುತ್ತವೆ. ಲಾಗಿನ್ ಆಗುತ್ತದೆ, ಒಟಿಪಿ ತಗೊಳ್ಳುತ್ತದೆ, ಹೆಸರು ವಿಳಾಸ ಎಲ್ಲ ತುಂಬಿಸಿಕೊಳ್ಳುತ್ತದೆ. ಕಡೆಯಲ್ಲಿ ಫೋಟೊ ಹಾಕುವಾಗ ನಿಂತುಬಿಡುತ್ತದೆ. ಪಿಂಗ್ ಪುಟ್ಟದು, ಅದಕ್ಕೆ ಏನೂ ತೊಂದರೆಯಿಲ್ಲ. ‘ನೆಟ್‌ವರ್ಕ್ ಸರಿಯಿದೆ’ ಎಂದು ಎಂಜಿನಿಯರ್ ಹೇಳಿದ್ದು ಸುಳ್ಳಲ್ಲ, ‘ಕೆಲಸ ಆಗ್ತಿಲ್ಲ’ ಎಂದು ನೀವು ಹೇಳಿದ್ದೂ ಸುಳ್ಳಲ್ಲ.

ಹಾಗಾದರೆ ಹುಡುಕಲು ಬರುವುದಿಲ್ಲವೇ? ಬರುತ್ತದೆ. ಮೈಕ್ರೋಸಾಫ್ಟ್‌ನವರು ತಮ್ಮ ಡೇಟಾ ಸೆಂಟರುಗಳಲ್ಲಿ ಸರ್ವರುಗಳೇ ಒಂದನ್ನೊಂದು ಎಡೆಬಿಡದೆ ವಿಚಾರಿಸಿಕೊಳ್ಳುವ ಪಿಂಗ್‌ಮೆಶ್ ಎಂಬ ವ್ಯವಸ್ಥೆ ಕಟ್ಟಿ, 2015ರಲ್ಲಿ ಅದರ ವಿವರ ಪ್ರಕಟಿಸಿದರು. ಅವರಿಗೆ ಸಿಕ್ಕಿಬಿದ್ದ ಕೆಲವು ಸ್ವಿಚ್ಚುಗಳು ಕೆಲವು ಜೋಡಿ ವಿಳಾಸಗಳ ಪ್ಯಾಕೆಟ್ಟನ್ನು ಮಾತ್ರ ನುಂಗುತ್ತಿದ್ದವು, ಉಳಿದದ್ದನ್ನೆಲ್ಲ ಸಲೀಸಾಗಿ ಬಿಡುತ್ತಿದ್ದವು. ಸ್ವಿಚ್ಚಿನ ಸ್ವಂತ ಲೆಕ್ಕಪುಸ್ತಕದಲ್ಲಿ ನಷ್ಟದ ಸುಳಿವೇ ಇಲ್ಲ! ಆಫ್ ಮಾಡಿ ಆನ್ ಮಾಡಿದರೆ ರೋಗ ವಾಸಿ. ಅದೇ ವರ್ಷ ಅವರೇ ಹೊರತಂದ ಎವರ್‌ಫ್ಲೋ, ಅನುಮಾನವಿರುವ ಪ್ಯಾಕೆಟ್ಟಿಗೆ ಒಂದು ಗುರುತು ಹಾಕಿ, ದಾಟುವ ಪ್ರತಿ ಸ್ವಿಚ್ಚಿನಿಂದಲೂ ಅದರ ನಕಲು ತರಿಸಿಕೊಳ್ಳುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2018ರಲ್ಲಿ ಅವರದೇ ಸಂಶೋಧಕರು ಮಂಡಿಸಿದ ‘007’. ಹೆಸರು ಜೇಮ್ಸ್ ಬಾಂಡನದು, ನಡೆ ಪಂಚಾಯ್ತಿಯದು. ಯಾವ ಸಂಪರ್ಕದಲ್ಲಿ ಪ್ಯಾಕೆಟ್ ಕಳೆದು ಮತ್ತೆ ಕಳಿಸಬೇಕಾಯಿತೋ, ಅದು ಸಾಗಿದ ದಾರಿಯನ್ನು ಸರ್ವರ್ ಆ ಕ್ಷಣವೇ ಟ್ರೇಸ್ ಮಾಡುತ್ತದೆ. ಅದಕ್ಕೂ ಮೊದಲು, ಬಂದ ಕೆಲಸವನ್ನು ಸರ್ವರುಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರನ್ನು ಕೇಳಿ ತೋರಿಕೆಯ ವಿಳಾಸದ ಹಿಂದಿನ ಅಸಲಿ ವಿಳಾಸ ತಿಳಿದುಕೊಳ್ಳುತ್ತದೆ; ಇಲ್ಲದಿದ್ದರೆ ಬೇರೆ ಯಾರದೋ ದಾರಿ ಅಳೆದಂತೆ. ಆಮೇಲೆ ದಾರಿಯ ಪ್ರತಿ ಕೊಂಡಿಗೂ ಅನುಮಾನದ ಮತ ಬೀಳುತ್ತದೆ. ಐದು ಕೊಂಡಿಯ ದಾರಿಯಾದರೆ ತಲಾ ಐದನೇ ಒಂದು ಮತ. ಒಬ್ಬನ ದೂರಿನಿಂದ ಏನೂ ಗೊತ್ತಾಗದು. ಸಾವಿರಾರು ಜನರ ದೂರು ಸೇರಿದಾಗ ಎಲ್ಲ ದಾರಿಗಳಿಗೂ ಸಾಮಾನ್ಯವಾದ ಆ ಒಂದು ಕೊಂಡಿಯ ಮೇಲೆ ಮತಗಳ ರಾಶಿ ಬಿದ್ದಿರುತ್ತದೆ. ದೂರನ್ನು ಕಸದ ಬುಟ್ಟಿಗೆ ಹಾಕದೆ ಸಾಕ್ಷಿಯಾಗಿ ಎಣಿಸುವ ವ್ಯವಸ್ಥೆ ಇದು.

ಇವೆಲ್ಲ ದೊಡ್ಡವರ ಮನೆಯ ಸಾಧನಗಳಾದವು. ಆದರೆ ಒವಿಎನ್-ಟ್ರೇಸ್‌ನಂಥ ತೆರೆದ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಪ್ಯಾಕೆಟ್ ನಿಯಮದ ಪ್ರಕಾರ ಯಾವ ದಾರಿ ಹಿಡಿಯಬೇಕಿತ್ತು ಎಂದು ಅದು ತೋರಿಸುತ್ತದೆ. ನಿಜಕ್ಕೂ ಯಾವ ದಾರಿ ಹಿಡಿಯಿತು ಎಂಬುದನ್ನಲ್ಲ, ಆದರೂ ಅರ್ಧ ತನಿಖೆ ಅಲ್ಲೇ ಮುಗಿಯುತ್ತದೆ.

ನಮ್ಮ ಸರ್ಕಾರಿ ಸೇವೆಗಳೂ ಕ್ಲೌಡ್ ಏರಿವೆ; ಕೇಂದ್ರದ ಕ್ಲೌಡ್ ಯೋಜನೆಯ ಹೆಸರೇ ಮೇಘರಾಜ್. ಹೀಗಿರುವಾಗ ‘ತಾಂತ್ರಿಕ ಕಾರಣ’ ಎಂಬ ಎರಡು ಪದಗಳ ಪ್ರಕಟಣೆಯನ್ನು ಉತ್ತರವೆಂದು ಒಪ್ಪಬೇಕಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ತಾಸು ಮಲಗಿತ್ತು. ಯಾವ ಆಜ್ಞೆ ಕೊಟ್ಟಾಗ ತಪ್ಪಾಯಿತು, ಅದನ್ನು ತಡೆಯಬೇಕಿದ್ದ ತಂತ್ರಾಂಶ ಯಾಕೆ ತಡೆಯಲಿಲ್ಲ ಎಂದು ಮರುದಿನವೇ ಆ ಕಂಪನಿ ಬರೆದು ಪ್ರಕಟಿಸಿತು. ಲಾಭಕ್ಕೆ ನಡೆಯುವ ಕಂಪನಿ ಹೇಳಬಹುದಾದದ್ದನ್ನು ತೆರಿಗೆ ದುಡ್ಡಿನಲ್ಲಿ ನಡೆಯುವ ಪೋರ್ಟಲ್ ಹೇಳಲಾರದೇ?

ದಾಖಲೆಯಿಲ್ಲ ಎನ್ನುವಂತೆಯೂ ಇಲ್ಲ. ಸರ್ಕಾರಿ ಸಂಸ್ಥೆಗಳೂ ಡೇಟಾ ಸೆಂಟರುಗಳೂ ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಲೇಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ನಿರ್ದೇಶಿಸಿದೆ. ಆದ್ದರಿಂದ ಮುಂದಿನ ಸಲ ‘ನಾಳೆ ಬನ್ನಿ’ ಎಂದಾಗ ತಾರೀಕು, ಗಂಟೆ, ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ಆರು ತಿಂಗಳು ಕಳೆಯುವ ಮುನ್ನ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ಅಂದು ಸೇವೆ ಎಷ್ಟು ಹೊತ್ತು ನಿಂತಿತ್ತು, ದಾಖಲಾದ ಕಾರಣವೇನು, ಪ್ರತಿ ಕೊಡಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಈ ಪ್ರಶ್ನೆಗಳಿಗೆ ಅಷ್ಟು ಪದವೂ ಬೇಕಾಗುವುದಿಲ್ಲ.