ಕಾರಿನೊಳಗೆ ಕೆಟ್ಟ ವಾಸನೆಯೆ?
ಸೋದರಿಯರೇ, ಮಳೆಯೇ ಇಲ್ಲ, ಆದರೂ ಕಾರಿನ ಮುಂದಿನ ಸೀಟಿನ ಕೆಳಗಿನ ಮ್ಯಾಟು ಒದ್ದೆಯಾಗಿ ವಾಸನೆ ಹೊಡೀತಿದೆಯೆ? ಸೆಂಟು ಚಿಮುಕಿಸಿ ಸುಮ್ಮನಾಗಬೇಡಿ. ನಾನೂ ಹಾಗೆ ಮಾಡಿ ಮೋಸಹೋದವಳೇ!

ಹಳೆಯ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣವಿಲ್ಲದ ಬರೀ ನೀರಾದರೆ ಏ.ಸಿ.ಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿರಬಹುದು. ಹಸಿರೋ ಗುಲಾಬಿಯೋ ಬಣ್ಣ, ಅಂಟು, ಸಿಹಿ ವಾಸನೆ ಇದ್ದರೆ ಅದು ಇಂಜಿನ್ ತಂಪಾಗಿಡುವ ಕೂಲೆಂಟ್ ಇರಬಹುದು. ಅದರ ರುಚಿ ಸಿಹಿ, ಆದರೆ ವಿಷ! ಮಕ್ಕಳನ್ನು ಹತ್ತಿರ ಬಿಡಬೇಡಿ. ಗಾಡಿ ಓಡಿಸದೆ ಮೆಕ್ಯಾನಿಕ್ ಕರೆಸಿ.

ಸೋರಿಕೆ ನಿಂತ ಮೇಲೆ ಮ್ಯಾಟನ್ನು ಸೋಪಿನ ನೀರಿನಲ್ಲಿ ತೊಳೆಯಿರಿ. ಅಡಿಯ ಸ್ಪಂಜು ಪೂರ್ತಿ ಒಣಗಲಿ, ಇಲ್ಲದಿದ್ದರೆ ವಾಸನೆ ಹೋಗದು. ಕೊನೆಗೆ ಅಡುಗೆ ಸೋಡಾ ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕೊಡವಿ ತೆಗೆಯಿರಿ.