ಹೆಲ್ಮೆಟ್ ಮೊದಲು, ಹಾಡು ಆಮೇಲೆ

ಗುಲ್ಮಾರ್ಗ್, ಔಲಿ ಕಡೆ ಸ್ಕೀಯಿಂಗ್ ಕಲಿಯೋಕೆ ಹೊರಡೋ ನಮ್ಮಂಥವರಿಗೆ ಬ್ಲೂಟೂತ್ ಸ್ಪೀಕರ್ ಇರೋ ಹೆಲ್ಮೆಟ್ ಮೇಲೆ ಕಣ್ಣು. ಹಾಡು ಬೇಡ ಅಂತ ನಾವು ಹೇಳ್ತಿಲ್ಲ. ಸ್ಪೀಕರ್ ನೋಡಿ ಹೆಲ್ಮೆಟ್ ಆರಿಸಬಾರದು ಅಂತೀವಿ, ಅಷ್ಟೆ.

ಮೊದಲು ಒಳಗಿನ ಲೇಬಲ್ ನೋಡಬೇಕು: ಇಎನ್ 1077 ಅಥವಾ ಎಎಸ್‌ಟಿಎಂ ಎಫ್ 2040. ಆಮೇಲೆ ಅಳತೆ, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಜಾರಬಾರದು.

ಇನ್ನು ಆಡಿಯೋ. ಲಿಥಿಯಂ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತೆ, ಕೆಲವು ವರ್ಷಕ್ಕೆ ಸವೆಯುತ್ತೆ. ಹೆಲ್ಮೆಟ್ಟಿನ ಫೋಮ್ ಆದರೋ ಒಂದು ಜೋರು ಪೆಟ್ಟು ತಿಂದರೆ ಮುಗೀತು, ಹೊಸದೇ ಬೇಕು. ಎರಡರ ಆಯಸ್ಸೂ ಬೇರೆ ಬೇರೆ ಇರುವಾಗ ಒಂದಕ್ಕೊಂದು ಗಂಟುಹಾಕಿ ಯಾಕೆ ಕೊಳ್ಳಬೇಕು? ಕಿವಿಯ ಪ್ಯಾಡಿನೊಳಗೆ ತೂರಿಸಿ, ಬೇಡವಾದಾಗ ತೆಗೆಯುವ ಸ್ಪೀಕರ್ ಸಾಕು. ಗ್ಲೌಸ್ ಹಾಕಿಕೊಂಡೇ ಒತ್ತುವಷ್ಟು ದೊಡ್ಡ ಬಟನ್ ಇರಲಿ.

ಹಿಂದಿನಿಂದ ಬರುವವರೇ ಮುಂದಿರುವವರನ್ನು ತಪ್ಪಿಸಿ ಹೋಗಬೇಕು ಅನ್ನೋದು ಎಫ್‌ಐಎಸ್ ನಿಯಮ. ಆದರೆ ಹಿಂದೆ ಬರ್ತಿರೋರೂ ನಮ್ಮ ಹಾಗೆ ಹೊಸಬರಾದರೆ, ಅವರ ಕೂಗೇ ನಮಗಿರುವ ಎಚ್ಚರಿಕೆ. ಆ ಕೂಗು ಕಿವಿಗೆ ಬೀಳಲೇಬೇಕು. ಅದಕ್ಕೇ ಇಳಿಯುವಾಗ ಹಾಡು ಆಫ್. ಮೇಲೆ ಹೋಗುವ ರೋಪ್‌ವೇಯಲ್ಲಿ ಕೂತು ಬೇಕಾದಷ್ಟು ಕೇಳೋಣ.